‘ಸರಿ’ ಎಲ್ಲಾ ‘ಸಎ’ ಆದಾಗ: ವರ್ಡ್ ಮ್ಯಾಕ್ರೋ ರಿಪೇರಿಯ ನನ್ನ ಅನುಭವ

ನಾನು ಮೈಸೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಈಚೆಗೆ ಬರುವುದರಲ್ಲಿ ಜಾಸ್ತಿ ಪಾಲು ಒಂದೇ ಕೆಲಸ: ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲುಗಳನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರು, ಮೊಬೈಲು ಎಲ್ಲಕ್ಕೂ ಒಂದೇ ಆದ ಅಕ್ಷರ ಸಂಕೇತಕ್ಕೆ ತರುವುದು. ಹದಿನೈದು ವರ್ಷದ ಹಿಂದೆ ಟೈಪ್ ಮಾಡಿಟ್ಟ ಪುಸ್ತಕ ಈಗ ಮರುಮುದ್ರಣ ಆಗಬೇಕು, ಮೊಬೈಲಿನಲ್ಲೂ ಓದಲು ಸಿಗಬೇಕು. ಇದಕ್ಕೆ ಪರಿವರ್ತಕಗಳು ಬೇರೆ ಇವೆ. ಆದರೆ ಬೋಲ್ಡ್, ಇಟಾಲಿಕ್, ಶೀರ್ಷಿಕೆಯ ಸ್ಟೈಲು ಎಲ್ಲಾ ಇದ್ದ ಹಾಗೇ ಉಳಿಯಬೇಕು ಅಂದರೆ ವರ್ಡ್ ಒಳಗೇ ಮ್ಯಾಕ್ರೋ (ವರ್ಡ್‌ಗೆ ಕೆಲಸ ಹೇಳುವ ಸಣ್ಣ ಕೋಡ್) ಓಡಿಸುವುದು ನನಗೆ ಒಗ್ಗಿದ ದಾರಿ.

ನಿವೃತ್ತ ಮೇಷ್ಟ್ರೊಬ್ಬರ ಪ್ರಬಂಧಗಳ ಪುಸ್ತಕ ಬಂದಿತ್ತು. ಸುಮಾರು ಮುನ್ನೂರು ಪುಟ. ಮೊದಲ ದಿನ ಎಂಟು ಪ್ರಬಂಧ ಓಡಿಸಿದೆ, ಎಲ್ಲಾ ಚೆನ್ನಾಗಿ ಬಂತು. ಮಾರನೇ ದಿನ ಬೆಳಿಗ್ಗೆ ಒಂಬತ್ತನೆಯದನ್ನು ತೆಗೆದು ಅದೇ ಮ್ಯಾಕ್ರೋ ಓಡಿಸಿದರೆ ‘ಕನ್ನಡ’ ಇದ್ದ ಕಡೆ ‘ಕನ್ನಕಿ’. ‘ಸರಿ’ ಇದ್ದ ಕಡೆ ‘ಸಎ’. ಕೋಡ್‌ನಲ್ಲಿ ಒಂದು ಅಕ್ಷರವನ್ನೂ ನಾನು ಮುಟ್ಟಿರಲಿಲ್ಲ. ನಿನ್ನೆ ನೆಟ್ಟಗಿದ್ದದ್ದು ರಾತ್ರಿ ಕಳೆಯುವುದರೊಳಗೆ ಹೇಗೆ ಕೆಟ್ಟಿತು?

ಇಂಥ ಹೊತ್ತಿನಲ್ಲಿ ಇಡೀ ಫೈಲನ್ನು ಮತ್ತೆ ಮತ್ತೆ ಓಡಿಸಿ ನೋಡಬಾರದು. ನಾನು ಹೊಸ ಫೈಲು ತೆರೆದು ಅದರಲ್ಲಿ ‘ಕನ್ನಡ’ ಅನ್ನುವ ಒಂದೇ ಪದ ಇಟ್ಟೆ. ಆಲ್ಟ್ ಜೊತೆ ಎಫ್11 ಒತ್ತಿದರೆ ಕೋಡ್ ಕಿಟಕಿ ತೆರೆಯುತ್ತದೆ. ಅಲ್ಲಿ ಎಫ್8 ಒತ್ತುತ್ತಾ ಹೋದರೆ ಮ್ಯಾಕ್ರೋ ಒಂದೊಂದೇ ಸಾಲು ನಡೆಯುತ್ತದೆ. ಆ ಕಿಟಕಿಯನ್ನೂ ವರ್ಡ್ ಕಿಟಕಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಯಾವ ಸಾಲಿನಲ್ಲಿ ‘ಡ’ ಹಾಳಾಗುತ್ತದೆ ಅಂತ ಕಾಯುತ್ತಾ ಕೂತೆ.

ಹಳೇ ನುಡಿ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ದೊಡ್ಡ ಕ್ಯೂ ಅಂದರೆ ‘ಕಿ’. ಸಣ್ಣ ಕ್ಯೂ ಅಂದರೆ ತಲೆಕಟ್ಟಿಲ್ಲದ ‘ಡ’. ದೊಡ್ಡ ಜೆ ‘ಎ’, ಸಣ್ಣ ಜೆ ‘ರಿ’. ನನ್ನ ಮ್ಯಾಕ್ರೋ ದೊಡ್ಡ ಕ್ಯೂ ಹುಡುಕಿ ‘ಕಿ’ ಹಾಕುವ ಸಾಲಿಗೆ ಬಂತು. ಎಫ್8 ಒತ್ತಿದೆ. ಕಣ್ಣೆದುರೇ ಸಣ್ಣ ಕ್ಯೂ ಕೂಡ ‘ಕಿ’ ಆಯಿತು.

ಅಲ್ಲಿಗೆ ಗೊತ್ತಾಯಿತು. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಅಂತ ನೋಡುವ ‘ಮ್ಯಾಚ್ ಕೇಸ್’ ಆಯ್ಕೆಯನ್ನು ನನ್ನ ಕೋಡ್ ಎಲ್ಲೂ ಹೇಳಿರಲಿಲ್ಲ. ಹೇಳದಿದ್ದರೆ ವರ್ಡ್ ಹಿಂದಿನ ಹುಡುಕಾಟದ ಆಯ್ಕೆಗಳನ್ನೇ ಇಟ್ಟುಕೊಳ್ಳುತ್ತದೆ. ಹಿಂದಿನ ದಿನ ಏನನ್ನೋ ಹುಡುಕುವಾಗ ನಾನೇ ಕೈಯಾರೆ ಅದಕ್ಕೆ ಟಿಕ್ ಹಾಕಿದ್ದೆ. ರಾತ್ರಿ ವರ್ಡ್ ಮುಚ್ಚಿ ಬೆಳಿಗ್ಗೆ ತೆರೆದಾಗ ಟಿಕ್ ಹೋಗಿತ್ತು. ಎಂಟು ಪ್ರಬಂಧ ಸರಿಯಾಗಿ ಬಂದದ್ದು ಕೋಡ್ ಸರಿ ಇದ್ದದ್ದರಿಂದ ಅಲ್ಲ, ಆ ಟಿಕ್‌ನಿಂದ.

ಈಗ ನನ್ನ ಪ್ರತಿ ಹುಡುಕಾಟವೂ ಹಳೇ ಫಾರ್ಮ್ಯಾಟಿಂಗ್ ತೆರವು ಮಾಡುವ ಸಾಲಿನಿಂದಲೇ ಶುರುವಾಗುತ್ತದೆ. ಮ್ಯಾಚ್ ಕೇಸ್ ಇರಲಿ, ವೈಲ್ಡ್‌ಕಾರ್ಡ್ (ಯಾವ ಅಕ್ಷರಕ್ಕಾದರೂ ಹೊಂದುವ ಚಿಹ್ನೆ) ಬೇಡ, ಕೊನೆ ಮುಟ್ಟಿದರೆ ನಿಲ್ಲು: ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ನಾಲ್ಕು ಸಾಲು ಜಾಸ್ತಿ ಆಗುತ್ತದೆ, ಆಗಲಿ.

‘ಕೊನೆ ಮುಟ್ಟಿದರೆ ನಿಲ್ಲು’ ಅನ್ನುವುದನ್ನು ಅರ್ಕಾವತ್ತು ಕಲಿಸಿತು. ನುಡಿಯಲ್ಲಿ ‘ಧರ್ಮ’ ಬರೆದರೆ ಧ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಧ, ರ್, ಮ. ಹಾಗಾಗಿ ಅರ್ಕಾವತ್ತು ಸಿಕ್ಕಿದಲ್ಲೆಲ್ಲ ಹಿಂದಿನ ಅಕ್ಷರದ ಮುಂಚೆ ‘ರ್’ ತಂದಿಡಬೇಕು. ಸಿಗುತ್ತಾ ಇರುವ ತನಕ ಹುಡುಕುತ್ತಲೇ ಇರು ಅಂತ ಲೂಪ್ (ಮತ್ತೆ ಮತ್ತೆ ನಡೆಯುವ ಕೋಡ್) ಬರೆದಿದ್ದೆ. ಮೇಷ್ಟ್ರ ಫೈಲಿನಲ್ಲಿ ಒಂದು ಪ್ಯಾರಾದ ಶುರುವಿನಲ್ಲೇ ಒಂಟಿ ಅರ್ಕಾವತ್ತು ಇತ್ತು, ಹಳೇ ಟೈಪಿಂಗ್ ತಪ್ಪು. ಅದರ ಹಿಂದೆ ಅಕ್ಷರವೇ ಇಲ್ಲ, ಹಾಗಾಗಿ ಮ್ಯಾಕ್ರೋ ಅದನ್ನು ಹಾಗೇ ಬಿಟ್ಟು ಮುಂದೆ ಹೋಯಿತು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಹುಡುಕಿತು. ಮತ್ತೆ ಅದೇ ಸಿಕ್ಕಿತು. ಪರದೆ ಗಟ್ಟಿಯಾಗಿ ನಿಂತೇಬಿಟ್ಟಿತು. ಕಂಟ್ರೋಲ್ ಜೊತೆ ಬ್ರೇಕ್ ಒತ್ತಿದಾಗ ಲೂಪ್ ಮಧ್ಯದಲ್ಲಿ ನಿಂತಿತು, ಯಾವ ಪ್ಯಾರಾ ಅಂತ ಆಗ ಕಾಣಿಸಿತು.

ಹೊಸದಾಗಿ ಬರೆಯುವವರು ಎಡವುವ ಜಾಗ ಇನ್ನೊಂದಿದೆ. ಕೋಡ್ ಕಿಟಕಿಯಲ್ಲಿ ನೇರವಾಗಿ ‘ಕ’ ಟೈಪ್ ಮಾಡಿದರೆ ಪ್ರಶ್ನೆ ಚಿಹ್ನೆ ಬೀಳುತ್ತದೆ. ನಿಮ್ಮ ಕೀಬೋರ್ಡ್ ಸರಿಯಾಗೇ ಇದೆ, ಆ ಕಿಟಕಿಗೇ ಯೂನಿಕೋಡ್ ಕನ್ನಡ ಬರುವುದಿಲ್ಲ. ಅಕ್ಷರದ ಬದಲು ಅದರ ಸಂಖ್ಯೆ ಕೊಡಬೇಕು. ‘ಕ’ಕ್ಕೆ 3221, ಗುಡಿಸಿಗೆ 3263, ಅರ್ಧಾಕ್ಷರದ ಚಿಹ್ನೆಗೆ 3277. ಸಂಖ್ಯೆಯಿಂದ ಅಕ್ಷರ ಮಾಡುವ ಸಿಎಚ್‌ಆರ್‌ಡಬ್ಲ್ಯೂ ಅನ್ನುವ ಫಂಕ್ಷನ್ ಇದೆ. ಪಟ್ಟಿ ಮಾಡಲು ನನಗೆ ಎರಡು ಸಂಜೆ ಹಿಡಿಯಿತು.

ಇದೇ ಮ್ಯಾಕ್ರೋ ಫೈಲನ್ನು ಗೆಳತಿಗೆ ಮೇಲ್‌ನಲ್ಲಿ ಕಳಿಸಿದೆ. “ಕೆಂಪು ಪಟ್ಟಿ ಬರ್ತಿದೆ ಕಣೇ, ಓಡ್ತಾನೇ ಇಲ್ಲ” ಅಂದಳು. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು 2022ರಿಂದ ವರ್ಡ್ ತಾನಾಗೇ ತಡೆಯುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್‌ಗೆ ಟಿಕ್ ಹಾಕಿದರೆ ಓಡುತ್ತದೆ. ಆದರೆ ಯಾರು ಬರೆದದ್ದು ಅಂತ ಖಾತ್ರಿ ಇಲ್ಲದ ಫೈಲಿಗೆ ಹಾಗೆ ಮಾಡಬೇಡಿ. 1999ರಲ್ಲಿ ಮೆಲಿಸ್ಸಾ ವೈರಸ್ ಹರಡಿದ್ದು ಮೇಲ್‌ನಲ್ಲಿ ಬಂದ ವರ್ಡ್ ಫೈಲಿನ ಮ್ಯಾಕ್ರೋದಿಂದಲೇ. ಇನ್ನೊಂದು ಮಾತು, ಉಳಿಸುವಾಗ ಡಾಕ್‌ಎಂ ಅಂತಲೇ ಉಳಿಸಿ. ಡಾಕ್‌ಎಕ್ಸ್ ಮಾಡಿದರೆ ಫೈಲಿನೊಳಗಿನ ಮ್ಯಾಕ್ರೋ ಹೋಗಿಬಿಡುತ್ತದೆ.

ಎಲ್ಲಾ ಮುಗಿಸಿ ಪುಸ್ತಕ ಕಳಿಸಿದೆ. ಮೇಷ್ಟ್ರು ಫೋನ್ ಮಾಡಿದರು. “ಏನಮ್ಮಾ, ಪ್ರಬಂಧ ಚೆನ್ನಾಗಿ ಬಂದಿದೆ. ಆದ್ರೆ ಅಡಿಟಿಪ್ಪಣಿ ಒಂದೂ ಓದಕ್ಕಾಗ್ತಿಲ್ವಲ್ಲ?”

“ಒಂದು ದಿನ ಟೈಮ್ ಕೊಡಿ ಮೇಷ್ಟ್ರೇ, ನೋಡ್ತೀನಿ” ಅಂದೆ. ನನಗೆ ತುಂಬ ಬೇಜಾರಾಯಿತು. ಅಡಿಟಿಪ್ಪಣಿಯೇ ಆ ಪುಸ್ತಕದ ಜೀವ. ಊರೂರು ಅಲೆದು ಸೇರಿಸಿದ ಹಳೇ ಪದಗಳ ಅರ್ಥವೆಲ್ಲ ಅಲ್ಲೇ ಇತ್ತು.

ವರ್ಡ್‌ಗೆ ಮುಖ್ಯ ಪಠ್ಯ ಬೇರೆ, ಅಡಿಟಿಪ್ಪಣಿ ಬೇರೆ, ಪುಟದ ತಲೆಯ ಹೆಡರ್ ಬೇರೆ. ನನ್ನ ಮ್ಯಾಕ್ರೋ ಮುಖ್ಯ ಪಠ್ಯದಲ್ಲಿ ಮಾತ್ರ ಓಡಿತ್ತು. ಸ್ಟೋರಿ ರೇಂಜಸ್ ಅನ್ನುವ ಗುಂಪನ್ನು ಹಿಡಿದು ಒಂದೊಂದನ್ನೂ ಸುತ್ತುವ ಹಾಗೆ ಬದಲಿಸಿದ ಮೇಲೆ ಅಡಿಟಿಪ್ಪಣಿ ಎಲ್ಲಾ ಕನ್ನಡವಾಯಿತು. ಈ ಸಲ ಕಳಿಸುವ ಮುಂಚೆ, ನುಡಿಯಲ್ಲಿ ತಲೆಕಟ್ಟಿಗೆ ಬಳಸುವ ಚಿಹ್ನೆ ಎಲ್ಲಾದರೂ ಉಳಿದಿದೆಯಾ ಅಂತ ಕೈಯಾರೆ ಹುಡುಕಿದೆ. ಮೂರು ಕಡೆ ಸಿಕ್ಕಿತು. ಮೂರೂ ಹೆಡರ್‌ಗಳು, ಎರಡನೇ ಸೆಕ್ಷನ್ನಿನಿಂದ ಆಚೆಯವು. ಆ ಗುಂಪು ಮೊದಲ ಹೆಡರನ್ನು ಮಾತ್ರ ಕೊಡುತ್ತದೆ, ಉಳಿದವಕ್ಕೆ ‘ಮುಂದಿನ ಸ್ಟೋರಿ’ ಅಂತ ಪ್ರತ್ಯೇಕವಾಗಿ ಕೇಳಬೇಕು. ಆ ಒಂದು ಸಾಲು ಸೇರಿಸಿ, ಮತ್ತೆ ಓಡಿಸಿ, ಮತ್ತೆ ಹುಡುಕಿದೆ. ಒಂದೂ ಸಿಗಲಿಲ್ಲ. ಆಮೇಲೆ ಮೇಷ್ಟ್ರಿಗೆ ಫೋನ್ ಮಾಡಿದೆ.