ಲಾಗಿನ್ ಸರ್ವರ್ ವಿಳಾಸ ಕೋಡ್‌ನ್ಯಾಗ ಬರದಿಡಬ್ಯಾಡ್ರಿ, ಸರ್ವರನ್ನ ಕೇಳ್ರಿ

ನಮ್ಮ ಬೆಳಗಾವ್ಯಾಗ ಫೈನಲ್ ಇಯರ್ ಪ್ರಾಜೆಕ್ಟ್ ಮಾಡೋ ಹುಡುಗ್ರ ಕೋಡ್ ತಗದ್ರ ಭಾಳ ಸಲ ಇದ ಕಾಣತೈತಿ. ಓಆತ್ (ಬ್ಯಾರೆ ಸರ್ವರ್ ಮೂಲಕ ಆ್ಯಪ್‌ಗೆ ಪರವಾನಗಿ ಕೊಡೋ ಪದ್ಧತಿ) ಲಾಗಿನ್ ಚಂದ ಹಾಕಿರ್ತಾರ, ಆದ್ರ ಲಾಗಿನ್ ಪೇಜಿನ ಯುಆರ್‌ಎಲ್, ಟೋಕನ್ (ಲಾಗಿನ್ ಆದ ಮ್ಯಾಲ ಸಿಗೋ ಡಿಜಿಟಲ್ ಪಾಸ್) ಯುಆರ್‌ಎಲ್, ಆ ಟೋಕನ್ ಖರೆ ಐತೇನು ನೋಡೋ ಕೀ ಸಿಗೋ ಯುಆರ್‌ಎಲ್ ಎಲ್ಲಾ ಎಲ್ಲಿಂದೋ ಕಾಪಿ ಹೊಡದು ಹಾರ್ಡ್‌ಕೋಡ್ ಮಾಡಿರ್ತಾರ. ಸರ್ವರ್‌ನವ್ರು ಒಂದು ಯುಆರ್‌ಎಲ್ ಬದಲಿಸಿದ್ರ ಸಾಕು, ಆ್ಯಪ್ ಬಂದ್. ಸರ್ವರ್ ತನ್ನ ಸೆಟ್ಟಿಂಗ್ ತಾನ ಹೇಳೋ ಪದ್ಧತಿ ಓಪನ್‌ಐಡಿ ಕನೆಕ್ಟ್‌ನ್ಯಾಗ (ಓಆತ್ ಮ್ಯಾಲ ಕಟ್ಟಿದ ಲಾಗಿನ್ ಪದ್ಧತಿ) ಮೊದ್ಲ ಇತ್ತು, 2018ರ ಜೂನ್‌ನ್ಯಾಗ ಆರ್‌ಎಫ್‌ಸಿ 8414 (ಇಂಟರ್ನೆಟ್ ಪದ್ಧತಿ ಬರದಿಟ್ಟ ದಾಖಲೆ) ಬಂದು ಬರೇ ಓಆತ್‌ಗೂ ಆತು.

ನಿಮ್ಮ ಕಾನ್ಫಿಗ್‌ನ್ಯಾಗ ಇಶ್ಯೂಅರ್, ಅಂದ್ರ ಟೋಕನ್ ಕೊಡೋ ಸರ್ವರ್‌ನ ಗುರುತಿನ ವಿಳಾಸ, ಒಂದ ಇದ್ರ ಸಾಕ್ರಿ. ಅದು ಎಚ್‌ಟಿಟಿಪಿಎಸ್ ವಿಳಾಸ ಇರಬೇಕು, ಕ್ವೆರಿ (? ಮುಂದಿನ ಭಾಗ), ಹ್ಯಾಶ್ (# ಮುಂದಿನ ಭಾಗ) ಏನೂ ಇರಬಾರ್ದು.

ಮೊದ್ಲ ಬ್ರೌಸರ್‌ನ್ಯಾಗ ನೋಡ್ರಿ. ಅಕೌಂಟ್ಸ್.ಗೂಗಲ್.ಕಾಮ್ ಹಾಕಿ ಮುಂದ /.ವೆಲ್-ನೋನ್/ಓಪನ್‌ಐಡಿ-ಕಾನ್ಫಿಗರೇಶನ್ ಅಂತ ಇಂಗ್ಲಿಷ್‌ನ್ಯಾಗ ಟೈಪ್ ಮಾಡ್ರಿ, ಒಂದು ಜೇಸನ್ (ಸರ್ವರ್ ಸೆಟ್ಟಿಂಗ್ ಪಟ್ಟಿ ಇರೋ ಫೈಲ್) ತೆರಕೊಂತೈತಿ. ಅದ್ರಾಗ ಟೋಕನ್_ಎಂಡ್‌ಪಾಯಿಂಟ್, ಅಂದ್ರ ಟೋಕನ್ ಯುಆರ್‌ಎಲ್, ಹುಡುಕ್ರಿ. ಅದು ಅಕೌಂಟ್ಸ್ ಡೊಮೇನ್ ಮ್ಯಾಲ ಇಲ್ಲ, ಓಆತ್2.ಗೂಗಲ್‌ಎಪಿಐಸ್.ಕಾಮ್ ಮ್ಯಾಲ ಐತಿ, ಅಂದಾಜಿನ ಮ್ಯಾಲ ಬರದಿದ್ರ ತಪ್ಪತಿತ್ತು.

ಇಶ್ಯೂಅರ್‌ನ್ಯಾಗ ಪಾಥ್ (ಹೋಸ್ಟ್ ಹೆಸರಿನ ಮುಂದ ಸ್ಲ್ಯಾಶ್ ಆದ ಮ್ಯಾಲಿನ ಭಾಗ) ಇದ್ದಾಗ ಎಲ್ಲಾರೂ ತಡವರಸ್ತಾರ. ಒಂದು ಪತ್ತಿನ ಸಹಕಾರಿ ಸಂಘ ಐತಿ ಅನ್ಕೋರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಬ್ರ್ಯಾಂಚಿಗೆ ಒಂದ ಸರ್ವರ್, ಇಶ್ಯೂಅರ್ ಬ್ಯಾರೆ ಬ್ಯಾರೆ. ಬಾಗಲಕೋಟೆದು ಲಾಗಿನ್.ಎಕ್ಸಾಂಪಲ್.ಕಾಮ್/ಬಾಗಲಕೋಟೆ ಅಂತ ಇದ್ರ, ಓಪನ್‌ಐಡಿ ಪದ್ಧತಿಯೊಳಗ ವೆಲ್-ನೋನ್ ಭಾಗ ಕೊನೀಗೆ ಹತ್ತತೈತಿ: ಲಾಗಿನ್.ಎಕ್ಸಾಂಪಲ್.ಕಾಮ್/ಬಾಗಲಕೋಟೆ/.ವೆಲ್-ನೋನ್/ಓಪನ್‌ಐಡಿ-ಕಾನ್ಫಿಗರೇಶನ್. ಆರ್‌ಎಫ್‌ಸಿ 8414ರಾಗ ಹೋಸ್ಟ್‌ಗೂ ಪಾಥ್‌ಗೂ ನಡುವ ತೂರಸಬೇಕು: ಲಾಗಿನ್.ಎಕ್ಸಾಂಪಲ್.ಕಾಮ್/.ವೆಲ್-ನೋನ್/ಓಆತ್-ಆಥರೈಸೇಶನ್-ಸರ್ವರ್/ಬಾಗಲಕೋಟೆ. ಒಂದರಾಗ 404 (ಸಿಗಲಿಲ್ಲ ಅಂತ) ಬಂತಂದ್ರ ಗಾಬರಿ ಆಗಬ್ಯಾಡ್ರಿ, ಇನ್ನೊಂದು ನೋಡ್ರಿ.

ಜೇಸನ್ ತರೋದು ಸಾದಾ ಗೆಟ್ ರಿಕ್ವೆಸ್ಟ್, 200 ಬರಬೇಕು. ಟೆಸ್ಟಿಂಗ್ ಅಂತ ಸರ್ಟಿಫಿಕೇಟ್ ಚೆಕ್ ಆಫ್ ಮಾಡಿ ಹಂಗ ಪ್ರೊಡಕ್ಷನ್‌ಗೆ ಕಳಸೋದು ಮಾತ್ರ ಮಾಡಲೇಬ್ಯಾಡ್ರಿ.

ಬಂದ ಕೂಡ್ಲೆ ಬ್ಯಾರೆ ಏನೂ ಓದೂಕಿಂತ ಮೊದ್ಲ ಒಳಗಿನ ಇಶ್ಯೂಅರ್, ನೀವು ಯಾವ ಇಶ್ಯೂಅರ್ ಇಟ್ಕೊಂಡು ಹೊಂಟಿದ್ರಿ ಅದು, ಎರಡೂ ಅಕ್ಷರಕ್ಕ ಅಕ್ಷರ ಒಂದ ಅದಾವೇನು ನೋಡ್ರಿ. ಕೊನೀ ಸ್ಲ್ಯಾಶ್ ಹೆಚ್ಚುಕಮ್ಮಿ ಆದ್ರೂ ಬಿಟ್ಟಬಿಡ್ರಿ, ಆ ಫೈಲ್ ಬಳಸಬಾರ್ದು. ಯಾಕಂದ್ರ ಒಬ್ಬ ಕಳ್ಳ ತನ್ನ ಫೈಲ್‌ನ್ಯಾಗ ದೊಡ್ಡ ಸರ್ವರ್ ಹೆಸರು ಇಶ್ಯೂಅರ್ ಅಂತ ಹಾಕಿ ಟೋಕನ್_ಎಂಡ್‌ಪಾಯಿಂಟ್ ತನ್ನದ ಕೊಡಬಹುದು, ಆಗ ನಿಮ್ಮ ಆಥರೈಸೇಶನ್ ಕೋಡ್ (ಕೊಟ್ಟು ಟೋಕನ್ ತಗೊಳ್ಳೋ ತಾತ್ಪೂರ್ತಿಕ ಕೋಡ್) ಅಷ್ಟ ಅಲ್ಲ, ಕ್ಲೈಂಟ್ ಸೀಕ್ರೆಟ್ (ನಿಮ್ಮ ಆ್ಯಪ್‌ನ ಪಾಸ್‌ವರ್ಡ್) ಸಹಿತ ಅವನ ಕೈಗೆ ಹೋಗತೈತಿ. ಎರಡು ಸಾಲಿನ ಚೆಕ್ ಇದು, ಯಾರೂ ಬಿಡಬಾರ್ದು ಅಂತ ಕೈಮುಗದು ಹೇಳ್ತೇನಿ.

ಕೆಲವು ಫೀಲ್ಡ್ ಇಲ್ಲದಿದ್ರೂ ಅದಕ್ಕ ಅರ್ಥ ಇರತೈತಿ. ಆರ್‌ಎಫ್‌ಸಿ 8414 ಪ್ರಕಾರ ಗ್ರ್ಯಾಂಟ್_ಟೈಪ್ಸ್_ಸಪೋರ್ಟೆಡ್ (ಟೋಕನ್ ಪಡಿಯೋ ರೀತಿಗಳ ಪಟ್ಟಿ) ಇಲ್ಲಂದ್ರ ಆಥರೈಸೇಶನ್ ಕೋಡ್, ಇಂಪ್ಲಿಸಿಟ್ (ಕೋಡ್ ಇಲ್ಲದ ನೇರ ಟೋಕನ್ ಕೊಡೋ ರೀತಿ) ಎರಡೂ ಅದಾವು ಅಂತ. ಟೋಕನ್ ಎಂಡ್‌ಪಾಯಿಂಟ್‌ಗೆ ಗುರುತು ಹೇಳೋ ರೀತಿ ಬರದಿಲ್ಲಂದ್ರ ಕ್ಲೈಂಟ್_ಸೀಕ್ರೆಟ್_ಬೇಸಿಕ್, ಅಂದ್ರ ಆ್ಯಪ್‌ನ ಐಡಿ, ಸೀಕ್ರೆಟ್ ಹೆಡರ್‌ನ್ಯಾಗ ಕಳಸೋದು. ಆದ್ರ ಕೋಡ್_ಚಾಲೆಂಜ್_ಮೆಥಡ್ಸ್_ಸಪೋರ್ಟೆಡ್ ಇಲ್ಲಂದ್ರ ಪಿಕ್ಸಿ (ಕದ್ದ ಆಥರೈಸೇಶನ್ ಕೋಡ್ ಬಳಸದಂಗ ತಡಿಯೋ ಪದ್ಧತಿ) ಸಪೋರ್ಟ್ ಇಲ್ಲ ಅಂತನ ಅರ್ಥ, ಆ ಪಟ್ಟಿ ಇದ್ದು ಅದ್ರಾಗ ಎಸ್256 ಇದ್ರ ಅದನ್ನ ಆರಸ್ಕೋರಿ.

ಪ್ರತಿ ಲಾಗಿನ್‌ಗೂ ಫೈಲ್ ತರಾಕ ಹೋಗಬ್ಯಾಡ್ರಿ, ಕ್ಯಾಶ್ ಹೆಡರ್ ಹೇಳಿದಷ್ಟು ಹೊತ್ತು ಇಟ್ಕೋರಿ. ಗೊತ್ತಿಲ್ಲದ ಕೀ ಐಡಿ ಇರೋ ಟೋಕನ್ ಬಂದ್ರ ಆ ಫೈಲ್‌ನ್ಯಾಗಿನ ಜೆಡಬ್ಲ್ಯೂಕೆಎಸ್_ಯುಆರ್‌ಐಯಿಂದ (ಕೀ ಸಿಗೋ ಯುಆರ್‌ಎಲ್) ಕೀ ಮತ್ತೊಮ್ಮೆ ತರಿಸ್ರಿ.

ಇನ್ನ ಎಪಿಐ (ಟೋಕನ್ ತೋರಿಸಿ ಡೇಟಾ ಕೇಳೋ ಸರ್ವರ್) ವಿಳಾಸ ಅಷ್ಟ ಗೊತ್ತೈತಿ, ಇಶ್ಯೂಅರ್ ಯಾವುದು ಗೊತ್ತಿಲ್ಲ ಅಂದ್ರ? ಅದಕ್ಕ 2025ರ ಏಪ್ರಿಲ್‌ನ್ಯಾಗ ಆರ್‌ಎಫ್‌ಸಿ 9728 ಬಂತು. ಅದನ್ನ ಪಾಲಿಸೋ ಎಪಿಐಗೆ ಟೋಕನ್ ಇಲ್ಲದ ಹೋದ್ರ 401 (ಪರವಾನಗಿ ಇಲ್ಲ ಅನ್ನೋ ಉತ್ತರ) ಜೋಡಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಆಥೆಂಟಿಕೇಟ್ ಹೆಡರ್‌ನ್ಯಾಗ ರಿಸೋರ್ಸ್_ಮೆಟಾಡೇಟಾ ಅಂತ ಯುಆರ್‌ಎಲ್ ಕೊಡಬಹುದು, ಆ ಫೈಲ್‌ನ್ಯಾಗ ಆಥರೈಸೇಶನ್_ಸರ್ವರ್ಸ್ ಅಂತ ಇಶ್ಯೂಅರ್‌ಗಳ ಪಟ್ಟಿ ಇರಬಹುದು. ಅದ್ರಾಗ ನೀವು ನಂಬೋ ಇಶ್ಯೂಅರ್ ಇದ್ರ ತಗೊಂಡು ವೆಲ್-ನೋನ್‌ನಿಂದ ಶುರು ಹಚ್ಚರಿ.