ಬ್ಯಾಂಕ್ ಹರಾಜಿಗೆ ಬಂದ ಮನೆಗಳ ಪ್ರಕಟಣೆಯನ್ನು ಹುಡುಕುವುದು, ಓದುವುದು

ಸಾಲದ ಕಂತು ಕಟ್ಟಲಾಗದೆ ಬ್ಯಾಂಕಿನ ವಶಕ್ಕೆ ಹೋದ ಮನೆಗಳು ನಮ್ಮ ದೇಶದಲ್ಲಿ ಬಹುಮಟ್ಟಿಗೆ 2002ರ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯನ್ನು ನ್ಯಾಯಾಲಯದ ಮೊಕದ್ದಮೆಯಿಲ್ಲದೆ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) ಅಡಿಯಲ್ಲಿ ಹರಾಜಾಗುತ್ತವೆ. ಇಂಥ ಮನೆಗಳ ಪಟ್ಟಿ ಮಧ್ಯವರ್ತಿಗಳ ಬಳಿ ಮಾತ್ರ ಸಿಗುತ್ತದೆಂದು ನಂಬಿ ಅದಕ್ಕಾಗಿ ಹಣ ಕೊಡುವವರಿದ್ದಾರೆ. ಅದರ ಅಗತ್ಯವೇ ಇಲ್ಲ. ಸಾರ್ವಜನಿಕ ಹರಾಜನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಆ ಪ್ರದೇಶದ ಭಾಷೆಯದ್ದಾಗಿರಬೇಕು ಎಂದು ನಿಯಮವೇ ಹೇಳುತ್ತದೆ.

ಹುಡುಕಾಟವನ್ನು ಸರ್ಕಾರಿ ಬ್ಯಾಂಕುಗಳಿಂದ ಆರಂಭಿಸುವುದು ಸುಲಭ. ಅವುಗಳ ಹರಾಜು ಆಸ್ತಿಗಳನ್ನು ಒಂದೇ ಕಡೆ ತೋರಿಸುವ ಬ್ಯಾಂಕ್‌ನೆಟ್ ಜಾಲತಾಣವು 2025ರ ಜನವರಿಯಲ್ಲಿ ಹೊಸ ರೂಪದಲ್ಲಿ ಆರಂಭವಾಗಿದ್ದು, ಆಸ್ತಿ ಇರುವ ಸ್ಥಳ ಮತ್ತು ಆಸ್ತಿಯ ಬಗೆಯನ್ನು ಆರಿಸಿಕೊಂಡು ಅಲ್ಲಿ ಹುಡುಕಬಹುದು. ಬಡಾವಣೆಯ ಹೆಸರಿನಿಂದ ಮಾತ್ರ ಹುಡುಕಬೇಡಿ. ಒಂದೇ ಬಡಾವಣೆಯ ಹೆಸರನ್ನು ಒಂದೊಂದು ಶಾಖೆಯವರು ಒಂದೊಂದು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಬರೆದಿರುವುದರಿಂದ, ಜಿಲ್ಲೆಯ ಪೂರ್ಣ ಪಟ್ಟಿಯನ್ನು ತೆರೆದು ನಿಧಾನವಾಗಿ ನೋಡುವುದೇ ಒಳ್ಳೆಯದು. ಖಾಸಗಿ ಬ್ಯಾಂಕುಗಳು ಮತ್ತು ಗೃಹಸಾಲ ಕಂಪನಿಗಳ ಆಸ್ತಿಗಳಿಗಾಗಿ ಆಯಾ ಸಂಸ್ಥೆಯ ಜಾಲತಾಣದಲ್ಲಿರುವ ಹರಾಜು ಪುಟವನ್ನು ನೋಡಬೇಕು. ಸಾಲ ವಸೂಲಾತಿ ನ್ಯಾಯಮಂಡಳಿಯ ವಸೂಲಾತಿ ಅಧಿಕಾರಿ ನಡೆಸುವ ಹರಾಜುಗಳು ಬೇರೆ ಇವೆ.

ಇಷ್ಟಾದರೂ ಕನ್ನಡ ದಿನಪತ್ರಿಕೆಯನ್ನು ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಹಕಾರಿ ಬ್ಯಾಂಕುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದ್ದು, ಸಣ್ಣ ಸಹಕಾರಿ ಬ್ಯಾಂಕೊಂದರ ಹರಾಜು ದೊಡ್ಡ ಜಾಲತಾಣಗಳಲ್ಲಿ ಕಾಣದಿದ್ದರೂ ಪತ್ರಿಕೆಯ ಒಳಪುಟದಲ್ಲಿ ಸಿಗಬಹುದು. ಅಲ್ಲೇ 'ಸ್ವಾಧೀನ ನೋಟಿಸ್' ಎಂಬ ಇನ್ನೊಂದು ಬಗೆಯ ಪ್ರಕಟಣೆಯೂ ಇರುತ್ತದೆ. ಬ್ಯಾಂಕು ಸಾಲಗಾರರಿಗೆ 60 ದಿನಗಳ ಗಡುವು ಕೊಟ್ಟು, ಆ ನಂತರವೂ ಹಣ ಬಾರದೆ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡಾಗ, ಏಳು ದಿನಗಳೊಳಗೆ ಇದನ್ನು ಪ್ರಕಟಿಸಬೇಕು. ಹರಾಜಿನ ದಿನ ಇನ್ನೂ ಗೊತ್ತಾಗಿರದ ಆಸ್ತಿಗಳು ಇಲ್ಲಿ ಮೊದಲೇ ಕಣ್ಣಿಗೆ ಬೀಳುವುದರಿಂದ, ಇವನ್ನು ಕತ್ತರಿಸಿ ಇಟ್ಟುಕೊಂಡವರಿಗೆ ಸಿದ್ಧತೆಗೆ ಹೆಚ್ಚು ಸಮಯ ದೊರೆಯುತ್ತದೆ.

ಹರಾಜು ಪ್ರಕಟಣೆ ಸಿಕ್ಕಿತೆಂದುಕೊಳ್ಳಿ. ಒತ್ತೊತ್ತಾದ ಸಣ್ಣ ಅಕ್ಷರಗಳ ಚೌಕದಲ್ಲಿ ಸಾಲಗಾರರ ಮತ್ತು ಜಾಮೀನುದಾರರ ಹೆಸರು, ಬಾಕಿ ಮೊತ್ತ, ನಿವೇಶನದ ಸಂಖ್ಯೆ, ಪೂರ್ವ-ಪಶ್ಚಿಮ-ಉತ್ತರ-ದಕ್ಷಿಣಗಳ ಚಕ್ಕುಬಂದಿ, ಮೀಸಲು ಬೆಲೆ (ಅದಕ್ಕಿಂತ ಕಡಿಮೆಗೆ ಕೂಗುವಂತಿಲ್ಲದ ಕನಿಷ್ಠ ಬೆಲೆ), ಮುಂಗಡ ಠೇವಣಿ (ಹರಾಜಿನಲ್ಲಿ ಭಾಗವಹಿಸಲು ಮೊದಲೇ ಕಟ್ಟುವ ಹಣ) ಎಲ್ಲವೂ ಇರುತ್ತವೆ. ಎಲ್ಲರ ಕಣ್ಣೂ ಮೊದಲು ಮೀಸಲು ಬೆಲೆಯ ಮೇಲೆ ಹೋಗುತ್ತದೆ. ನೀವು ಮೊದಲು ನೋಡಬೇಕಾದದ್ದು ಸ್ವಾಧೀನ 'ಭೌತಿಕ'ವೋ 'ಸಾಂಕೇತಿಕ'ವೋ ಎಂಬ ಒಂದೇ ಪದವನ್ನು. ಭೌತಿಕ ಎಂದಿದ್ದರೆ ಮನೆ ಬ್ಯಾಂಕಿನ ವಶದಲ್ಲಿದೆ. ಸಾಂಕೇತಿಕ ಎಂದಿದ್ದರೆ ಬಾಗಿಲಿಗೆ ನೋಟಿಸ್ ಅಂಟಿಸಿರುವುದಷ್ಟೇ ಆಗಿದ್ದು, ಒಳಗೆ ಇನ್ನೂ ಒಂದು ಸಂಸಾರ ಒಲೆ ಹಚ್ಚುತ್ತಿರಬಹುದು. ಅವರನ್ನು ತೆರವುಗೊಳಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಇಲ್ಲವೇ ನ್ಯಾಯಾಲಯದ ನೆರವು ಬೇಕಾಗಿ ಕಾಲ ಹಿಡಿಯುತ್ತದೆ. ಅಂಥ ಮನೆಯ ಬಾಗಿಲನ್ನು ನೀವಾಗಿ ಹೋಗಿ ತಟ್ಟಬೇಡಿ. ಸಂಕಟದಲ್ಲಿರುವವರನ್ನು ಅಪರಿಚಿತರು ಮುಜುಗರಕ್ಕೀಡುಮಾಡುವುದು ತಪ್ಪು. ಪ್ರಕಟಣೆಯಲ್ಲಿ ಹೆಸರಿಸಿದ ಅಧಿಕೃತ ಅಧಿಕಾರಿಗೆ ಫೋನ್ ಮಾಡಿ, ಪರಿಶೀಲನೆಗೆ ಯಾವ ದಿನ ಅವಕಾಶವಿದೆ ಎಂದು ಕೇಳಿ.

'ಎಲ್ಲಿದೆಯೋ ಹೇಗಿದೆಯೋ ಹಾಗೆಯೇ' ಎಂಬ ಷರತ್ತು ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಬಾಕಿ ಉಳಿದ ಆಸ್ತಿ ತೆರಿಗೆ, ವಿದ್ಯುತ್ ಬಿಲ್ಲು, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ ಇವೆಲ್ಲ ಕೊಂಡವರ ಹೆಗಲಿಗೇ ಬರಬಹುದೆಂಬುದು ಅದರ ಅರ್ಥ. ಆದ್ದರಿಂದ ಠೇವಣಿ ಕಟ್ಟುವ ಮೊದಲೇ ಆಯಾ ಕಚೇರಿಗಳಲ್ಲಿ ಬಾಕಿಯನ್ನು ವಿಚಾರಿಸಿ. ಕರ್ನಾಟಕದ ಆಸ್ತಿಯಾದರೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಜಾಲತಾಣದ ಮೂಲಕ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ, ಇ.ಸಿ.) ಪಡೆದು, ಅದರಲ್ಲಿರುವ ಚಕ್ಕುಬಂದಿ ಪ್ರಕಟಣೆಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ಸಾಲು ಸಾಲಾಗಿ ಹೋಲಿಸಿ, ಬಳಿಕ ವಕೀಲರಿಗೆ ತೋರಿಸಿ. ಹರಾಜನ್ನು ಸಾಲಗಾರರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದ್ದಾರೆಯೇ ಎಂಬುದನ್ನೂ ಅಧಿಕಾರಿಯಿಂದ ತಿಳಿದುಕೊಳ್ಳಿ.

ಹಣದ ಲೆಕ್ಕದಲ್ಲಿ ಎಡವುವವರು ಹೆಚ್ಚು. ಹರಾಜು ನಿಮಗೆ ನಿಂತರೆ, ಮುಂಗಡ ಠೇವಣಿಯೂ ಸೇರಿ ಮಾರಾಟ ಬೆಲೆಯ ಶೇ. 25ರಷ್ಟನ್ನು ಅದೇ ದಿನ ಅಥವಾ ಮರುದಿನದ ಕೆಲಸದ ಅವಧಿಯೊಳಗೆ ಕಟ್ಟಬೇಕು. ಉಳಿದದ್ದನ್ನು ಮಾರಾಟ ದೃಢಪಟ್ಟ 15ನೇ ದಿನದೊಳಗೆ ಕಟ್ಟಬೇಕು. ಲಿಖಿತ ಒಪ್ಪಿಗೆಯಿದ್ದರೆ ಈ ಗಡುವನ್ನು ಗರಿಷ್ಠ ಮೂರು ತಿಂಗಳವರೆಗೆ ವಿಸ್ತರಿಸಬಹುದು. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಸಾಲ ಪಡೆದು ಕೊಳ್ಳುವವರು ಹರಾಜಿಗೆ ಮೊದಲೇ ತಮ್ಮ ಬ್ಯಾಂಕಿನಿಂದ ಮಂಜೂರಾತಿಯನ್ನು ಬರವಣಿಗೆಯಲ್ಲಿ ಪಡೆದಿರಬೇಕು.

ಖರೀದಿದಾರರು ಬಾರದೆ ಮೊದಲ ಹರಾಜು ವಿಫಲವಾದ ಮನೆ ಮತ್ತೆ ಬರುವುದುಂಟು, ಮೀಸಲು ಬೆಲೆ ಇಳಿದಿರುವುದೂ ಉಂಟು. ಮೊದಲ ಸಲ ಪ್ರಕಟಣೆಗೂ ಹರಾಜಿಗೂ ನಡುವೆ ಕನಿಷ್ಠ 30 ದಿನಗಳಿದ್ದರೆ, ಮರುಹರಾಜಿಗೆ 15 ದಿನಗಳು ಸಾಕು. ಹಾಗಾಗಿ ಮೆಚ್ಚಿದ ಮನೆಯ ಹಳೆಯ ಪ್ರಕಟಣೆಯನ್ನು ಜೋಪಾನವಾಗಿಟ್ಟು, ಆ ಬ್ಯಾಂಕಿನ ಹರಾಜು ಪುಟವನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿರಿ.