ಒಂದೇ ಗಿಟಾರ್, ನಾಲ್ಕು ಪದರ: ಮನೆಯಲ್ಲೇ ಲೂಪ್ ಪೆಡಲ್ ಬಳಸುವುದು ಹೇಗೆ?

ಚಿಕ್ಕಮಗಳೂರಿನ ಕಡೆ ಗಿಟಾರ್ ನುಡಿಸುವವರಿಗೆ ಜೊತೆ ಸಿಗುವುದು ಕಷ್ಟ. ಡ್ರಮ್ಸ್ ಬಾರಿಸುತ್ತಿದ್ದ ಗೆಳೆಯ ಓದು ಮುಗಿಸಿ ಬೆಂಗಳೂರು ಸೇರಿರುತ್ತಾನೆ. ಬೇಸ್ ನುಡಿಸುವವನ ಮನೆ ಮೂಡಿಗೆರೆಯಿಂದಲೂ ಆಚೆ, ತೋಟದೊಳಗೆ. ಜುಲೈ ಮಳೆಯಲ್ಲಿ ಸಂಜೆ ಹೊತ್ತು ಅವನನ್ನು ಬಾ ಅನ್ನಲು ಮನಸ್ಸೂ ಬರುವುದಿಲ್ಲ. ನಾನು ಲೂಪ್ ಪೆಡಲ್ ಕೊಂಡಿದ್ದು ಇದಕ್ಕೇ. ಆರು ವರ್ಷದಿಂದ ದಿನವೂ ಅದರ ಮುಂದೆ ಕೂರುತ್ತಿದ್ದೇನೆ. ಭಾನುವಾರ ಹಾಸನದಲ್ಲಿ ಕೆಲವು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಲು ಬಂತು ಅನ್ನುತ್ತಿದ್ದ ಹಾಗೆ ಅವರ ಕಾಲ ಕೆಳಗೂ ಇದನ್ನು ಇಡುತ್ತೇನೆ.

ಲೂಪ್ ಪೆಡಲ್ ಅಂದರೆ ಅಂಗೈಯಷ್ಟು ದೊಡ್ಡ ಡಬ್ಬಿ. ಕಾಲಿನಿಂದ ಒಮ್ಮೆ ಒತ್ತಿದರೆ ನುಡಿಸಿದ್ದು ದಾಖಲಾಗಲು ಶುರು. ಮತ್ತೊಮ್ಮೆ ಒತ್ತಿದರೆ ಅಷ್ಟು ಭಾಗ ಬಿಡದೆ ಸುತ್ತುತ್ತಾ ಕೇಳಿಸುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಅಂತ ಪದರ ಹಾಕುತ್ತಾ ಹೋಗಬಹುದು. 1970ರ ದಶಕದಲ್ಲಿ ಬ್ರಿಟನ್ನಿನ ಸಂಗೀತಗಾರರಾದ ರಾಬರ್ಟ್ ಫ್ರಿಪ್ ಮತ್ತು ಬ್ರಿಯಾನ್ ಈನೋ ಎರಡು ಟೇಪ್ ರೆಕಾರ್ಡರ್ ಜೋಡಿಸಿ ಇದನ್ನು ಮಾಡುತ್ತಿದ್ದರು. ಒಂದರಲ್ಲಿ ದಾಖಲಾದ ಟೇಪು ಹಾಗೇ ಸರಿದು ಹೋಗಿ ಇನ್ನೊಂದರಲ್ಲಿ ಕೇಳಿಸುತ್ತಿತ್ತು. ಈಗ ಅಷ್ಟೂ ಕೆಲಸ ಒಂದು ಎಲೆಕ್ಟ್ರಾನಿಕ್ ಚಿಪ್‌ನೊಳಗೆ ನಡೆಯುತ್ತದೆ.

ಮೊದಲ ಸಲ ಕೊಳ್ಳುವವರಿಗೆ ಒಂದೇ ಗುಂಡಿಯ ಪೆಡಲ್ ಸಾಕು. ಟಿಸಿ ಎಲೆಕ್ಟ್ರಾನಿಕ್‌ನ ಡಿಟ್ಟೊದಲ್ಲಿ 5 ನಿಮಿಷ ದಾಖಲಿಸಬಹುದು, ಬಾಸ್ ಕಂಪನಿಯ ಆರ್‌ಸಿ-1ರಲ್ಲಿ 12 ನಿಮಿಷ. ನಾವು ನಿಜವಾಗಿ ಬಳಸುವುದು ಹತ್ತು ಹನ್ನೆರಡು ಸೆಕೆಂಡು ಅಷ್ಟೇ. ಆದ್ದರಿಂದ ನಿಮಿಷದ ಲೆಕ್ಕ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಮಾಡಿದ ಲೂಪುಗಳನ್ನೆಲ್ಲ ಉಳಿಸಿಕೊಂಡು ಕಂಪ್ಯೂಟರಿಗೆ ಹಾಕಬೇಕು ಅನ್ನುವವರು ಯುಎಸ್‌ಬಿ ಇರುವ ಆರ್‌ಸಿ-5ರಂಥದ್ದನ್ನು ನೋಡಬಹುದು.

ಮೊದಲು ಕರೆಂಟು ಸರಿ ಇರಲಿ

ಈ ಪೆಡಲ್‌ಗಳು ಓಡುವುದು 9 ವೋಲ್ಟ್ ಡಿಸಿಯಲ್ಲಿ. ಅಡಾಪ್ಟರಿನ ಪಿನ್ನಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್ ಇರಬೇಕು. ಮನೆಯ ವೈಫೈ ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ ಇದಕ್ಕೆ ಉಲ್ಟಾ: 12 ವೋಲ್ಟ್, ನಡುವೆ ಪ್ಲಸ್. ತೊಂದರೆ ಏನೆಂದರೆ ಎರಡರ ಪಿನ್ನೂ ಒಂದೇ ಅಳತೆ. ತೂತಿಗೆ ಸಲೀಸಾಗಿ ಕೂರುತ್ತದೆ. ನನ್ನ ಮೊದಲ ಪೆಡಲ್ ಹೋಗಿದ್ದು ಹೀಗೆ. ಅಂಗಡಿಯವರು ‘ಇದೇ ಆಗುತ್ತೆ, ತಗೊಳ್ಳಿ’ ಅಂತ ಕೊಟ್ಟ ಅಡಾಪ್ಟರನ್ನು ಓದಿ ನೋಡದೆ ಚುಚ್ಚಿದೆ. ದೀಪ ಒಮ್ಮೆ ಮಿನುಗಿ ಆರಿತು, ಮತ್ತೆ ಹತ್ತಲೇ ಇಲ್ಲ. ಅಡಾಪ್ಟರಿನ ಬೆನ್ನಿನ ಮೇಲೆ ಒಂದು ಚಿಕ್ಕ ಚಿತ್ರ ಇರುತ್ತದೆ, ನಡುವೆ ಚುಕ್ಕಿ, ಸುತ್ತ ಅರೆವೃತ್ತ. ಚುಕ್ಕಿಗೆ ಸೇರಿದ ಗೆರೆಯ ತುದಿಯಲ್ಲಿ ಮೈನಸ್ ಗುರುತು ಇದೆಯಾ ನೋಡಿ, ಆಮೇಲೆ ಚುಚ್ಚಿ. ಪೆಡಲ್ ಎಷ್ಟು ಮಿಲಿಆಂಪ್ ಕೇಳುತ್ತದೋ ಅಡಾಪ್ಟರ್ ಅಷ್ಟಾದರೂ ಕೊಡಬೇಕು, ಹೆಚ್ಚಿದ್ದರೆ ತೊಂದರೆ ಇಲ್ಲ.

‘ಗುಂಯ್’ ಅನ್ನುವ ಸದ್ದು ಬರುತ್ತಿದ್ದು, ರೆಕಾರ್ಡಿಂಗಿಗೆ ಲ್ಯಾಪ್‌ಟಾಪ್ ಜೋಡಿಸಿದ್ದರೆ ಮೊದಲು ಅದರ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಅದಕ್ಕೂ ಹೋಗದಿದ್ದರೆ ಗೋಡೆಯ ಸಾಕೆಟ್ಟಿಗೆ ಅರ್ತಿಂಗ್ ಸರಿಯಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ಕೇಳಿ. ಹಳೇ ತೋಟದ ಮನೆಗಳಲ್ಲಿ ಇಲ್ಲದಿರುವುದೇ ಹೆಚ್ಚು.

ಜೋಡಿಸುವ ಸಾಲು

ಗಿಟಾರಿನಿಂದ ಕೇಬಲ್ ಪೆಡಲಿನ ಇನ್‌ಪುಟ್‌ಗೆ, ಔಟ್‌ಪುಟ್‌ನಿಂದ ಆಂಪ್ಲಿಫೈಯರ್‌ಗೆ. ನಾದ ಬದಲಿಸುವ ಡಿಸ್ಟಾರ್ಷನ್, ಡಿಲೇ, ರಿವರ್ಬ್ ಪೆಡಲ್‌ಗಳಿದ್ದರೆ ಲೂಪ್ ಪೆಡಲ್ ಎಲ್ಲಕ್ಕಿಂತ ಕೊನೆಗೆ ಬರಲಿ. ಆಗ ಪ್ರತಿ ಪದರಕ್ಕೂ ಬೇರೆ ಬೇರೆ ನಾದ ಕೊಡಬಹುದು. ಡಿಸ್ಟಾರ್ಷನ್ನಿಗೆ ಮುಂಚೆ ಇಟ್ಟರೆ ಎಲ್ಲ ಪದರವೂ ಒಟ್ಟಿಗೆ ಅದರೊಳಗೆ ನುಗ್ಗಿ ಕಲಸುಮೇಲೋಗರ ಆಗುತ್ತದೆ. ಅಕೌಸ್ಟಿಕ್ ಗಿಟಾರಿಗೆ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಸಾಧನ) ಬೇಕು. ಇಲ್ಲದಿದ್ದರೆ ಸದ್ದಿನ ತೂತಿಗೆ ಸಿಕ್ಕಿಸುವಂಥದ್ದು ಬೇರೆಯಾಗಿ ಸಿಗುತ್ತದೆ.

ಕಾಲು ಸಮಕ್ಕೆ ಬೀಳಲಿ

ಇಡೀ ವಿದ್ಯೆ ಇರುವುದು ಇಲ್ಲೇ. ಬೆರಳು ಎಷ್ಟೇ ಚೆನ್ನಾಗಿ ಓಡಲಿ, ಕಾಲು ಅರ್ಧ ಎಣಿಕೆ ತಡವಾದರೆ ಪ್ರತಿ ಸುತ್ತಿನಲ್ಲೂ ಹಾಡು ಎಡವುತ್ತದೆ. ಬೇಗ ಒತ್ತಿದರೆ ಕೊನೆಯ ತುಂಡು ಕತ್ತರಿಸಿ ಹೋಗುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಕಲಿಸುವುದಕ್ಕೆ ಒಳ್ಳೆಯ ದಾರಿ ಆದಿತಾಳ. ಒಂದು ತಟ್ಟು, ಮೂರು ಬೆರಳೆಣಿಕೆ, ಮತ್ತೆ ತಟ್ಟಿ ಕೈ ತಿರುಗಿಸುವುದು ಎರಡು ಸಲ. ಒಟ್ಟು ಎಂಟು. ಶನಿವಾರದ ಭಜನೆಗೆ ಕೂತವರಿಗೆ ಇದು ತೊಡೆಯ ಮೇಲೆ ತಾನಾಗಿ ಬರುತ್ತದೆ. ಫೋನಿನ ಮೆಟ್ರೊನೋಮನ್ನು (ಎಣಿಕೆಗೊಮ್ಮೆ ‘ಟಿಕ್’ ಅನ್ನುವ ಆಪ್) ನಿಮಿಷಕ್ಕೆ 80 ಎಣಿಕೆಗೆ ಇಡಿ. ಒಂದು ಆವರ್ತಕ್ಕೆ, ಅಂದರೆ ಎಂಟು ಎಣಿಕೆಯ ಸುತ್ತಿಗೆ, 6 ಸೆಕೆಂಡು, ಎರಡಕ್ಕೆ 12. ನಮ್ಮ ಲೂಪ್ ಇಷ್ಟೇ ಉದ್ದ.

ಹಾಸನದ ತರಗತಿಯಲ್ಲಿ ಒಬ್ಬಳು ಹುಡುಗಿ ಮೂರು ವಾರ ಇದರ ಜೊತೆ ಗುದ್ದಾಡಿದಳು. ‘ಸರ್, ಎಂಟಕ್ಕೇ ಸರಿಯಾಗಿ ಒತ್ತುತ್ತಾ ಇದೀನಿ, ಆದ್ರೂ ಕುಂಟುತ್ತೆ’ ಅಂದಳು. ತಪ್ಪು ಅಲ್ಲೇ ಇತ್ತು. ಎಂಟನೆಯ ಎಣಿಕೆಗೆ ಒತ್ತಿದರೆ ಆ ಎಂಟನೆಯದು ಲೂಪಿನೊಳಗೆ ಇರುವುದೇ ಇಲ್ಲ, ಏಳೇ ಉಳಿಯುತ್ತದೆ. ಒತ್ತಬೇಕಾದ್ದು ಮತ್ತೆ ಬರುವ ಒಂದಕ್ಕೆ, ಅಂದರೆ ಸಮಕ್ಕೆ. ‘ಗಿಟಾರ್ ಪಕ್ಕಕ್ಕಿಡು, ಕೈಯಲ್ಲಿ ತಾಳ ಹಾಕು, ಮೊದಲ ತಟ್ಟು ಬಂದಾಗಲೆಲ್ಲ ಕಾಲು ಒತ್ತು’ ಅಂದೆ. ಹತ್ತು ನಿಮಿಷ ಬರೀ ಅಷ್ಟೇ ಮಾಡಿದಳು. ಆಮೇಲೆ ಗಿಟಾರ್ ಹಿಡಿದು ಒತ್ತಿದಾಗ ಸುತ್ತು ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಅಂತ ನನಗೇ ಗೊತ್ತಾಗಲಿಲ್ಲ. ಅವಳ ಮುಖ ನೋಡಬೇಕಿತ್ತು.

ಕಾಲನ್ನು ಇಡುವುದಕ್ಕೂ ಒಂದು ಕ್ರಮ ಇದೆ. ಹಿಮ್ಮಡಿ ನೆಲದ ಮೇಲೆ ಊರಿರಲಿ, ಮುಂಗಾಲು ಗುಂಡಿಯ ಮೇಲೆ ತೂಗುತ್ತಿರಲಿ. ಕಾಲೆತ್ತಿ ಮೇಲಿಂದ ತುಳಿಯುವವರು ಯಾವತ್ತೂ ತಡ. ನಾನು ಬರಿಗಾಲಲ್ಲೇ ಒತ್ತುತ್ತೇನೆ, ಗುಂಡಿ ಕೆಳಗಿಳಿದಿದ್ದು ಚರ್ಮಕ್ಕೆ ತಿಳಿಯುತ್ತದೆ. ಇನ್ನೊಂದು, ಒತ್ತಿದ ತಕ್ಷಣ ಕೈ ನಿಲ್ಲಿಸಬೇಡಿ. ಸಮ ದಾಟಿ ಇನ್ನೂ ಎರಡು ಎಣಿಕೆ ನುಡಿಸುತ್ತಲೇ ಇರಿ. ಕೈ ನಿಲ್ಲುತ್ತದೆ ಅಂತ ಗೊತ್ತಿದ್ದರೆ ಕಾಲು ಅದಕ್ಕಿಂತ ಮುಂಚೆಯೇ ಸೋಮಾರಿಯಾಗುತ್ತದೆ.

ಎರಡನೇ ಸಲ ಒತ್ತಿದಾಗ ಕೆಲವು ಪೆಡಲ್ ಬರೀ ನುಡಿಸಲು ಶುರುಮಾಡುತ್ತವೆ. ಕೆಲವು ನೇರವಾಗಿ ಮುಂದಿನ ಪದರ ದಾಖಲಿಸಲು ಹೊರಡುತ್ತವೆ. ನಿಮ್ಮದು ಯಾವ ಥರ ಅಂತ ಜೊತೆಗೆ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಎರಡನೇ ಥರದಲ್ಲಿ ಒಂದು ಅನುಕೂಲ ಇದೆ. ಕೊನೆಯ ಕಾರ್ಡಿನ ಅನುರಣನ ಸಮ ದಾಟಿ ಸುತ್ತಿನ ತಲೆಗೆ ಬಂದು ಕೂರುತ್ತದೆ, ಬೆಸುಗೆ ಕಾಣುವುದಿಲ್ಲ.

ಪದರ ಹಾಕುವುದು

ಮೊದಲ ಪದರ ಶ್ರುತಿ. ತಂಬೂರಿ ಮಾಡುವ ಕೆಲಸವನ್ನೇ ಇಲ್ಲಿ ಗಿಟಾರ್ ಮಾಡಲಿ. ಐದನೇ ತಂತಿ ಹಾಗೇ ಬಿಡಿ, ಅದು ‘ಎ’ ಸ್ವರ, ನಮ್ಮ ಷಡ್ಜ. ನಾಲ್ಕನೇ ತಂತಿಯ ಎರಡನೇ ಮನೆ (ಫ್ರೆಟ್) ಪಂಚಮ. ಮೂರನೇ ತಂತಿಯ ಎರಡನೇ ಮನೆ ಮೇಲಿನ ಷಡ್ಜ. ಈ ಮೂರನ್ನು ನಿಧಾನವಾಗಿ ಮೀಟುತ್ತಾ ಹೋಗಿ. ಪೆಡಲ್ ಒತ್ತುವುದಕ್ಕೆ ಒಂದು ಆವರ್ತ ಮುಂಚೆಯೇ ಮೀಟಲು ಶುರುಮಾಡಿ. ನಾದ ಆಗಲೇ ತುಂಬಿರುವಾಗ ಒತ್ತಿದರೆ ಸುತ್ತು ತಿರುಗುವ ಜಾಗದಲ್ಲಿ ‘ಟಿಕ್’ ಅನ್ನುವ ಸದ್ದು ಬರುವುದಿಲ್ಲ.

ಎರಡನೆಯದು ತಾಳ. ಎಡಗೈಯನ್ನು ತಂತಿಗಳ ಮೇಲೆ ಸುಮ್ನೆ ಹಗುರವಾಗಿ ಇಟ್ಟು ಬಲಗೈಯಿಂದ ಬಾರಿಸಿದರೆ ‘ಚಿಕ್ ಚಿಕ್’ ಅನ್ನುತ್ತದೆ. ಅಕೌಸ್ಟಿಕ್ ಆದರೆ ಹೆಬ್ಬೆರಳ ಬುಡದಿಂದ ಗಿಟಾರಿನ ಮೈಮೇಲೆ ತಟ್ಟಿ, ಮೈಗೆ ಅಂಟಿಸಿದ ಪಿಕಪ್ ಇದ್ದರೆ ಡೋಲಿನ ಹಾಗೆ ಕೇಳುತ್ತದೆ.

ಮೂರನೆಯದು ಕಾರ್ಡ್. ಮೊದಲ ಆವರ್ತ ಪೂರ್ತಿ ‘ಎ ಮೈನರ್’, ಎರಡನೆಯದರಲ್ಲಿ ನಾಲ್ಕು ಎಣಿಕೆ ‘ಜಿ’, ನಾಲ್ಕು ಎಣಿಕೆ ಮತ್ತೆ ‘ಎ ಮೈನರ್’. ಆರೂ ತಂತಿ ಬಾರಿಸಬೇಡಿ. ಕೆಳಗಿನ ಜಾಗ ಶ್ರುತಿಗೆ ಹೋಗಿದೆ, ಸಣ್ಣ ತಂತಿಗಳು ಮೂರು ಸಾಕು. ಪದರ ಹೆಚ್ಚಿದಷ್ಟೂ ಸದ್ದು ಗಿಜಿಗುಡುವುದು ಇಲ್ಲಿ ಎಚ್ಚರ ತಪ್ಪುವುದರಿಂದಲೇ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಈ ಮೂರು ಪದರಕ್ಕೂ 7ರಲ್ಲಿ ಇಡಿ.

ಈಗ 10ಕ್ಕೆ ತಿರುಗಿಸಿ, ಮೇಲೆ ರಾಗ ನುಡಿಸಿ. ಗಿಟಾರ್ ಕಲಿಯುವವರೆಲ್ಲ ಐದನೇ ಮನೆಯಿಂದ ನುಡಿಸುವ ‘ಎ ಮೈನರ್ ಪೆಂಟಟಾನಿಕ್’ ಇದೆಯಲ್ಲ, ಅದರ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿ ರಾಗದ ಸ ಗ ಮ ಪ ನಿ. ಅಜ್ಜಿಯ ಬಾಯಲ್ಲಿ ಕೇಳಿದ ರಾಗ ಇದರ ಮೇಲೆ ತೇಲಿ ಬಂದಾಗ ಆಗುವ ಖುಷಿ ಬೇರೆಯೇ. ನಾಲ್ಕನೆಯ ಪದರವಾಗಿ ಅದನ್ನೂ ದಾಖಲಿಸಿ. ಸರಿ ಬರಲಿಲ್ಲವಾ? ಲೂಪ್ ಓಡುತ್ತಿರುವಾಗಲೇ ಗುಂಡಿಯನ್ನು ಎರಡು ಸೆಕೆಂಡು ಒತ್ತಿ ಹಿಡಿದರೆ ಹೆಚ್ಚಿನ ಪೆಡಲ್‌ಗಳಲ್ಲಿ ಕೊನೆಯ ಪದರ ಮಾತ್ರ ಅಳಿಯುತ್ತದೆ, ಕೆಳಗಿನವು ಉಳಿಯುತ್ತವೆ.

ಮಳೆಗಾಲದ ರೆಕಾರ್ಡಿಂಗ್

ಮಲೆನಾಡಿನ ಮನೆಯಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡಿದವರಿಗೆ ಕಷ್ಟ ಗೊತ್ತು. ಜೂನ್‌ನಿಂದ ತಗಡಿನ ಮಾಡಿನ ಮೇಲೆ ಮಳೆ. ಮಳೆ ಬಿಟ್ಟರೆ ಜೀರುಂಡೆ. ಡಿಸೆಂಬರ್ ಬಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಶುರು. ಲೂಪ್ ಪೆಡಲಿನಿಂದ ಬರುವ ಸದ್ದು ಕೇಬಲಿನಲ್ಲೇ ಹರಿಯುತ್ತದೆ, ಅದರೊಳಗೆ ಮಳೆ ನುಗ್ಗುವುದಿಲ್ಲ. ನಾನು ಅತಿ ಹೆಚ್ಚು ರೆಕಾರ್ಡ್ ಮಾಡುವುದು ಜುಲೈ ತಿಂಗಳಲ್ಲೇ.

ಇದಕ್ಕೆ ಬೇಕಾದ್ದು ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿ, ಅಂದರೆ ಒಂದು ಆಡಿಯೊ ಇಂಟರ್‌ಫೇಸ್. ಪೆಡಲಿನ ಔಟ್‌ಪುಟ್ ಅದಕ್ಕೆ, ಅದರಿಂದ ಯುಎಸ್‌ಬಿ ಕಂಪ್ಯೂಟರಿಗೆ. ‘ಇನ್‌ಸ್ಟ್’ (ಇನ್‌ಸ್ಟ್ರುಮೆಂಟ್, ಅಂದರೆ ವಾದ್ಯ) ಅಂತ ಬರೆದ ಗುಂಡಿ ಆನ್ ಇರಲಿ, 48 ವೋಲ್ಟ್ ಗುಂಡಿ ಆಫ್ ಇರಲಿ, ಅದು ಕಂಡೆನ್ಸರ್ ಮೈಕಿಗೆ. ಜೋರಾಗಿ ನುಡಿಸಿದಾಗ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಕೆಂಪಾದರೆ ಒಡೆದ ಸದ್ದು, ಅದನ್ನು ಆಮೇಲೆ ರಿಪೇರಿ ಮಾಡುವುದು ಕಷ್ಟ. 24 ಬಿಟ್‌ನಲ್ಲಿ ದಾಖಲಿಸಿ. ವಿಡಿಯೊಗೆ ಹಾಕುವುದಾದರೆ 48 ಕಿಲೋಹರ್ಟ್ಸ್, ಬರೀ ಹಾಡಿಗೆ 44.1 ಸಾಕು. ರೆಕಾರ್ಡಿಂಗ್ ಸಾಫ್ಟ್‌ವೇರುಗಳಲ್ಲಿ ಆಡಾಸಿಟಿ ಉಚಿತ. ರೀಪರ್ ಅನ್ನು 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು.

ಒಂದು ವಿಷಯ ಮೊದಲೇ ಹೇಳಬೇಕು. ಪೆಡಲಿನಿಂದ ಹೊರಬರುವಾಗ ನಾಲ್ಕೂ ಪದರ ಬೆರೆತು ಒಂದೇ ಸದ್ದಾಗಿರುತ್ತದೆ. ‘ತಾಳ ಸ್ವಲ್ಪ ಕಡಿಮೆ ಮಾಡೋಣ’ ಅಂದರೆ ಆಗುವುದಿಲ್ಲ. ನಾನು ಲೂಪ್ ಪೆಡಲನ್ನು ಕರಡು ಪುಸ್ತಕದ ಹಾಗೆ ಬಳಸುತ್ತೇನೆ. ಹಾಡು ಅದರಲ್ಲಿ ಹುಟ್ಟುತ್ತದೆ. ಹಿಡಿಸಿದರೆ ಅದೇ 80ರ ಮೆಟ್ರೊನೋಮ್ ಹಾಕಿಕೊಂಡು ಒಂದೊಂದು ಪದರವನ್ನೂ ಸಾಫ್ಟ್‌ವೇರಿನಲ್ಲಿ ಬೇರೆ ಬೇರೆ ಟ್ರ್ಯಾಕಿಗೆ ಮತ್ತೆ ನುಡಿಸುತ್ತೇನೆ. ಆಗ ಹೆಡ್‌ಫೋನಿನಲ್ಲಿ ನಿಮ್ಮ ಗಿಟಾರ್ ತಡವಾಗಿ ಕೇಳಿಸಿದರೆ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಬಫರನ್ನು 128ಕ್ಕೆ ಇಳಿಸಿ, ಇಲ್ಲವೇ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆನ್ ಮಾಡಿ.

ಹಾಡಬೇಕಿದ್ದರೆ ಮಾತ್ರ ಮೈಕ್ ಬೇಕೇ ಬೇಕು. ಅದಕ್ಕೆ ನಮ್ಮ ಮನೆಯ ಉಗ್ರಾಣ ಇದೆ. ಒಣಗಿಸಿದ ಕಾಫಿಯ ಗೋಣಿಚೀಲಗಳು ಗೋಡೆಗೆ ಒತ್ತಿ ಪೇರಿಸಿರುವಾಗ ಅಲ್ಲಿ ಪ್ರತಿಧ್ವನಿ ತುಂಬಾ ಕಡಿಮೆ. ಚೀಲ ಇಲ್ಲದವರು ದಪ್ಪ ರಗ್ಗುಗಳನ್ನು ಹಾಡುವವರ ಬೆನ್ನ ಹಿಂದೆ ಇಳಿಬಿಡಿ.

ನಿಲ್ಲಿಸುವುದು

ಒಂದೇ ಗುಂಡಿಯ ಪೆಡಲಿನಲ್ಲಿ ನಿಲ್ಲಿಸಲು ಬೇಗ ಬೇಗ ಎರಡು ಸಲ ಒತ್ತಬೇಕು. ಸದ್ದು ನಿಲ್ಲುವುದು ಎರಡನೇ ಒತ್ತಿಗೆ. ಹಾಗಾಗಿ ಮೊದಲ ಒತ್ತು ಎಂಟನೇ ಎಣಿಕೆ ಮುಗಿಯುವ ಹೊತ್ತಿಗೆ, ಎರಡನೆಯದು ಸರಿಯಾಗಿ ಸಮಕ್ಕೆ. ಆರ್‌ಸಿ-1ಕ್ಕೆ ನಿಲ್ಲಿಸಲೆಂದೇ ಇನ್ನೊಂದು ಕಾಲ್ಗುಂಡಿ ಸೇರಿಸಬಹುದು, ಆಗ ಒಂದೇ ಒತ್ತು ಸಾಕು. ಎರಡನೇ ಒತ್ತು ಬಿದ್ದ ಗಳಿಗೆಯಲ್ಲೇ ಐದನೇ ತಂತಿಯನ್ನು ಒಮ್ಮೆ ಮೀಟಿ, ಬಿಟ್ಟುಬಿಡಿ. ನಾಲ್ಕು ಪದರವೂ ನಿಂತಿರುತ್ತವೆ, ಷಡ್ಜ ಒಂದೇ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಅದು ಪೂರ್ತಿ ಅಡಗುವವರೆಗೂ ರೆಕಾರ್ಡಿಂಗ್ ನಿಲ್ಲಿಸಬೇಡಿ.